ಅವಗೆಂಪು ಛಾಯಾಚಿತ್ರವೂ ಶಾಸನದ ಓದೂ: ಒಂದು ವಿಮರ್ಶೆ

1

ಸಂಶೋಧನೆಯ ಕ್ಷೇತ್ರಕ್ಕೆ ಹೊಸ ಉಪಕರಣವೊಂದು ಬಂದಾಗ ಎರಡು ಬಗೆಯ ಅಭಿಪ್ರಾಯಗಳು ಹುಟ್ಟುವುದು ಸಹಜ. ಕೆಲವರು ಅದನ್ನು ಆಟಿಕೆಯೆಂದು ತಳ್ಳಿಹಾಕುತ್ತಾರೆ. ಬೇರೆ ಕೆಲವರು ಅದರಿಂದ ಆಗದ ಕೆಲಸವೇ ಇಲ್ಲವೆಂದು ನಂಬುತ್ತಾರೆ. ಈ ಎರಡು ಅಭಿಪ್ರಾಯಗಳೂ ಉಪಕರಣವನ್ನು ಪರೀಕ್ಷಿಸಿ ನೋಡುವ ಶ್ರಮದಿಂದ ನಮ್ಮನ್ನು ತಪ್ಪಿಸುತ್ತವೆ. ಸಾಧಾರಣ ಡಿಜಿಟಲ್ ಕ್ಯಾಮರಾದ ಲೆನ್ಸಿನ ಮುಂದೆ ಕಪ್ಪು ಗಾಜಿನ ಫಿಲ್ಟರೊಂದನ್ನು ಜೋಡಿಸಿ ತೆಗೆಯುವ ಅವಗೆಂಪು ಛಾಯಾಚಿತ್ರದ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಕಣ್ಣಿಗೆ ಕಾಣದುದನ್ನು ಈ ಕ್ರಮವು ಕಾಣಿಸುತ್ತದೆಂದ ಮೇಲೆ, ಸವೆದುಹೋದ ಶಾಸನಗಳನ್ನೂ ಇದರಿಂದ ಓದಬಹುದಲ್ಲವೆ ಎಂಬ ಪ್ರಶ್ನೆಯನ್ನು ನಮ್ಮ ವಿದ್ಯಾರ್ಥಿಗಳು ಮೇಲಿಂದ ಮೇಲೆ ಕೇಳುತ್ತಿದ್ದಾರೆ. ಆ ಪ್ರಶ್ನೆಗೆ ಸಾಧಾರವಾದ ಉತ್ತರವನ್ನು ಹುಡುಕುವುದೇ ಪ್ರಕೃತ ಲೇಖನದ ಉದ್ದೇಶ.

ಗದಗ-ಬೆಟಗೇರಿಯ ಸುತ್ತಮುತ್ತ ಇತಿಹಾಸದ ವಿದ್ಯಾರ್ಥಿಗೆ ಕೆಲಸಕ್ಕೆ ಕೊರತೆಯಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಗದುಗಿನ ತ್ರಿಕೂಟೇಶ್ವರ ಮತ್ತು ವೀರನಾರಾಯಣ ದೇವಾಲಯಗಳು, ಬೆಟಗೇರಿಯ ವೀರಗಲ್ಲುಗಳು, ಅತ್ತಿಮಬ್ಬೆಯ ಹೆಸರಿನೊಡನೆ ಮತ್ತು 1007ರ ಶಾಸನದೊಡನೆ ಕೂಡಿಕೊಂಡಿರುವ ಲಕ್ಕುಂಡಿಯ ಬ್ರಹ್ಮ ಜಿನಾಲಯ, ಪುಲಿಗೆರೆಯೆಂದು ಹಿಂದೆ ಹೆಸರಾಗಿದ್ದ ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ ಹಾಗೂ ಶಂಖ ಬಸದಿ, ಇವೆಲ್ಲ ಒಂದು ದಿನದ ಪ್ರಯಾಣದೊಳಗೆ ದೊರೆಯುತ್ತವೆ. ಕಲ್ಲುಗಳಷ್ಟೇ ಅಲ್ಲ, ಮಠಗಳಲ್ಲಿಯೂ ಹಳೆಯ ಮನೆತನಗಳಲ್ಲಿಯೂ ಓಲೆಗರಿ, ಕಡತ, ಕಾಗದಪತ್ರಗಳು ಉಳಿದಿವೆ. ಹೀಗೆ ಎರಡು ಬಗೆಯ ಆಧಾರಗಳು ಒಂದೇ ಸೀಮೆಯಲ್ಲಿ ಇರುವುದರಿಂದ, ಉಪಕರಣವು ಯಾವುದಕ್ಕೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲುವುದಿಲ್ಲ ಎಂಬುದನ್ನು ತೂಗಿ ನೋಡಲು ಈ ಸೀಮೆ ಅನುಕೂಲವಾದದ್ದು. ನಾವು ಬಳಸಿದುದು ಹಲವು ವರ್ಷ ಹಳೆಯದಾದ ಸಾಮಾನ್ಯ ಕ್ಯಾಮರಾ, 720 ನ್ಯಾನೊಮೀಟರಿನ ಒಂದು ಫಿಲ್ಟರು ಮತ್ತು ಒಂದು ಮುಕ್ಕಾಲಿ. ಇವಕ್ಕಿಂತ ಹೆಚ್ಚಿನ ಸಾಮಗ್ರಿಯನ್ನು ಊರಿನ ಕಾಲೇಜೊಂದರಿಂದ ನಿರೀಕ್ಷಿಸುವುದು ಯುಕ್ತವಲ್ಲ.

2

ಮೊದಲು ಈ ಬೆಳಕಿನ ಸ್ವರೂಪವನ್ನು ಸಂಕ್ಷೇಪವಾಗಿ ತಿಳಿಯಬೇಕು. ಮನುಷ್ಯನ ಕಣ್ಣು ಸುಮಾರು 400ರಿಂದ 700 ನ್ಯಾನೊಮೀಟರ್ ತರಂಗದುದ್ದದ ಬೆಳಕನ್ನು ಮಾತ್ರ ಗ್ರಹಿಸಬಲ್ಲದು. ಕೆಂಪಿನಾಚೆಗೂ ಕಿರಣಗಳಿವೆ ಎಂಬುದನ್ನು ವಿಲಿಯಂ ಹರ್ಷೆಲ್ 1800ರಲ್ಲಿ ಉಷ್ಣಮಾಪಕಗಳ ನೆರವಿನಿಂದ ಕಂಡುಹಿಡಿದನು. ಇನ್‌ಫ್ರಾರೆಡ್ ಎಂದು ಕರೆಯಲಾಗುವ ಈ ಅವಗೆಂಪು ಕಿರಣಗಳಲ್ಲಿ ಕೆಂಪಿಗೆ ತೀರ ಹತ್ತಿರವಾಗಿರುವ ಭಾಗವು ಮಾತ್ರ ಪ್ರಕೃತ ವಿಷಯ. ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ಈ ಚಿತ್ರಗಳು ವಸ್ತುವಿನ ಶಾಖವನ್ನು ತೋರಿಸುತ್ತವೆಂದು ಹಲವರು ತಿಳಿದಿದ್ದಾರೆ. ಶಾಖವನ್ನು ಚಿತ್ರಿಸುವ ಯಂತ್ರಗಳೇ ಬೇರೆ. ಅವು ಸಾಮಾನ್ಯವಾಗಿ 8,000ದಿಂದ 14,000 ನ್ಯಾನೊಮೀಟರ್ ಉದ್ದದ ತರಂಗಗಳನ್ನು ಹಿಡಿಯುತ್ತವೆ. ನಮ್ಮ ಕ್ಯಾಮರಾ ಹಿಡಿಯುವುದು ಸೂರ್ಯನಿಂದಲೋ ದೀಪದಿಂದಲೋ ಬಂದು ವಸ್ತುವಿನ ಮೇಲೆ ಬಿದ್ದು ಮರಳುವ ಬೆಳಕನ್ನೇ. ಆದುದರಿಂದ ಇದು ಸಾಮಾನ್ಯ ಛಾಯಾಚಿತ್ರದ ಒಡಹುಟ್ಟೇ ಹೊರತು ಬೇರೊಂದು ಜಾತಿಯದಲ್ಲ.

ಡಿಜಿಟಲ್ ಕ್ಯಾಮರಾದೊಳಗಿನ ಸಂವೇದಕವು ಸಿಲಿಕಾನಿನಿಂದ ಆದದ್ದು. ಸಿಲಿಕಾನು ಸುಮಾರು 1,100 ನ್ಯಾನೊಮೀಟರಿನವರೆಗೂ ಬೆಳಕಿಗೆ ಸ್ಪಂದಿಸುತ್ತದೆ. ಹಾಗೆ ಬಿಟ್ಟರೆ ಚಿತ್ರದ ಬಣ್ಣಗಳು ಕೆಡುವುದರಿಂದ, ಅವಗೆಂಪನ್ನು ತಡೆಯುವ ಗಾಜೊಂದನ್ನು ತಯಾರಕರು ಸಂವೇದಕದ ಮುಂದೆಯೇ ಕೂಡಿಸಿರುತ್ತಾರೆ. ಈ ತಡೆಗಾಜು ದುರ್ಬಲವಾದರೆ ಏನಾಗುತ್ತದೆಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. 2006ರಲ್ಲಿ ಬಂದ ಲೈಕಾ ಎಂ8 ಎಂಬ ಬೆಲೆಬಾಳುವ ಕ್ಯಾಮರಾದಲ್ಲಿ ಕೃತಕ ನೂಲಿನ ಕಪ್ಪು ಬಟ್ಟೆಗಳು ನೇರಳೆಗೆಂಪಾಗಿ ಕಂಡವು. ತಯಾರಕರು ಕೊಂಡವರಿಗೆಲ್ಲ ಅವಗೆಂಪು ತಡೆಯುವ ಫಿಲ್ಟರುಗಳನ್ನು ಪ್ರತ್ಯೇಕವಾಗಿ ಒದಗಿಸಬೇಕಾಯಿತು. ಕಣ್ಣಿಗೆ ಕಪ್ಪಾದ ಬಟ್ಟೆ ಅವಗೆಂಪಿನಲ್ಲಿ ಕಪ್ಪಲ್ಲ ಎಂಬುದು ಇದರಿಂದ ಸ್ಪಷ್ಟ. ನೇಕಾರರ ಊರಾದ ಬೆಟಗೇರಿಯಲ್ಲಿ ಇದನ್ನು ಪರೀಕ್ಷಿಸುವುದು ಸುಲಭ. ಬಣ್ಣಬಣ್ಣದ ಸೀರೆಗಳನ್ನು ಸಾಲಾಗಿ ಹರಡಿ ಈ ಫಿಲ್ಟರಿನಿಂದ ಚಿತ್ರ ತೆಗೆದರೆ, ನೀಲಿಯೂ ಕೆಂಪೂ ಅನೇಕ ವೇಳೆ ಕಪ್ಪೂ ಒಂದೇ ತೆರನಾದ ಬಿಳುಪಿಗೆ ತಿರುಗುತ್ತವೆ. ಬಹುಪಾಲು ಬಟ್ಟೆಯ ಬಣ್ಣಗಳು ಅವಗೆಂಪನ್ನು ಹೀರುವುದಿಲ್ಲ. ಅದರಲ್ಲಿ ಕಾಣುವುದು ನೂಲೇ ಹೊರತು ಬಣ್ಣವಲ್ಲ.

ಲೆನ್ಸಿನ ಮುಂದೆ ಜೋಡಿಸುವ ಫಿಲ್ಟರು ತಡೆಗಾಜಿಗೆ ವಿರುದ್ಧವಾದ ಕೆಲಸವನ್ನು ಮಾಡುತ್ತದೆ. ಹೋಯಾ ಆರ್72 ಎಂಬುದೂ ಅದರ ಸಮಾನವೆನ್ನಬಹುದಾದ ಕೊಡಾಕ್ ಕಂಪನಿಯ ರ‍್ಯಾಟನ್ 89ಬಿ ಎಂಬುದೂ ಸುಮಾರು 720 ನ್ಯಾನೊಮೀಟರಿನಿಂದ ಮೇಲಿನ ಬೆಳಕನ್ನು ಬಿಟ್ಟು ಕೆಳಗಿನದನ್ನು ತಡೆಯುತ್ತವೆ. ಹೊರಗಿನ ಗಾಜು ಬಿಡುವುದನ್ನು ಒಳಗಿನ ಗಾಜು ತಡೆಯುವುದರಿಂದ, ಇವೆರಡನ್ನೂ ದಾಟಿ ಬರುವ ಬೆಳಕು ಅತ್ಯಲ್ಪ. ಈ ಕಾರಣದಿಂದಲೇ ಉರಿಬಿಸಿಲಿನಲ್ಲಿಯೂ ಹತ್ತಾರು ಸೆಕೆಂಡು ಕ್ಯಾಮರಾ ತೆರೆದಿರಬೇಕಾಗುತ್ತದೆ. ಗಾಳಿಗೆ ಎಲೆ ಅಲುಗಿದರೂ ಮುಕ್ಕಾಲಿ ಕದಲಿದರೂ ಚಿತ್ರ ಕೆಡುತ್ತದೆ. ಫಿಲ್ಟರು ಹಾಕಿದ ಮೇಲೆ ನೋಟಗಾಜಿನಲ್ಲಿ ಏನೂ ಕಾಣದಿರುವುದರಿಂದ ಅದಕ್ಕೆ ಮೊದಲೇ ಚಿತ್ರವನ್ನು ನಿಶ್ಚಯಿಸಿಕೊಳ್ಳಬೇಕು. ಅವಗೆಂಪು ಕಿರಣಗಳು ಲೆನ್ಸಿನಲ್ಲಿ ಬಾಗುವ ಪ್ರಮಾಣವೂ ಬೇರೆಯಾದುದರಿಂದ ನಾಭಿಯನ್ನು ತುಸು ತಿದ್ದಬೇಕು. ಹಳೆಯ ಲೆನ್ಸುಗಳ ಮೇಲೆ ಇದಕ್ಕಾಗಿಯೇ ಕೆಂಪು ಗುರುತೊಂದು ಇರುತ್ತಿತ್ತು. ಕೆಲವು ಲೆನ್ಸುಗಳು ಚಿತ್ರದ ನಡುವೆ ಬಿಳಿಯ ಮಚ್ಚೆಯೊಂದನ್ನು ಮೂಡಿಸುತ್ತವೆ. ಇಷ್ಟು ತೊಡಕುಗಳನ್ನು ದಾಟಿ ಬಂದ ಚಿತ್ರದಲ್ಲಿ ಯಾವುದು ವಸ್ತುವಿನದು, ಯಾವುದು ಉಪಕರಣದ್ದು ಎಂದು ಬೇರ್ಪಡಿಸುವುದು ಸಂಶೋಧಕನ ಮೊದಲ ಕರ್ತವ್ಯ.

3

ಈ ಚಿತ್ರಗಳ ಆಕರ್ಷಣೆಯ ಮೂಲ ಬೇರೊಂದಿದೆ. ಅವುಗಳಲ್ಲಿ ಗಿಡಮರಗಳು ಹಿಮ ಹೊದ್ದಂತೆ ಬೆಳ್ಳಗೂ ಆಕಾಶವು ಕಪ್ಪಗೂ ಕಾಣುತ್ತವೆ. ರಾಬರ್ಟ್ ವುಡ್ ಎಂಬ ಅಮೆರಿಕದ ಭೌತವಿಜ್ಞಾನಿ 1910ರಲ್ಲಿ ಇಂಥ ಭೂದೃಶ್ಯಗಳನ್ನು ಪ್ರಕಟಿಸಿದನು. ಎಲೆಗಳ ಈ ಬಿಳುಪಿಗೆ ಅವನ ಹೆಸರೇ ನಿಂತಿದೆ. ಎಲೆಯ ಹಸುರು ದ್ರವ್ಯಕ್ಕೆ ಅವಗೆಂಪು ಬೇಕಾಗಿಲ್ಲ. ಅದನ್ನು ಹೀರದೆ ಬಿಟ್ಟುಬಿಡುತ್ತದೆ. ಎಲೆಯೊಳಗಿನ ಜೀವಕೋಶಗಳೂ ಅವುಗಳ ನಡುವಿನ ಗಾಳಿಯೂ ಆ ಬೆಳಕನ್ನು ಚದುರಿಸಿ ಮರಳಿಸುತ್ತವೆ. ಈ ಗುಣವು ಕೇವಲ ಚೆಲುವಿನ ವಿಷಯವಲ್ಲ. ಪಿ. ಆರ್. ಪಿಶಾರಟಿಯವರು 1970ರ ಸುಮಾರಿಗೆ ಕೇರಳದ ತೆಂಗಿನ ತೋಟಗಳನ್ನು ಹೆಲಿಕಾಪ್ಟರಿನಿಂದ ಅವಗೆಂಪು ಫಿಲ್ಮಿನಲ್ಲಿ ಚಿತ್ರಿಸಿ ಬೇರುರೋಗವನ್ನು ಗುರುತಿಸಲು ಯತ್ನಿಸಿದುದೂ, 1988ರ ಮಾರ್ಚಿಯಲ್ಲಿ ಬಾನಿಗೇರಿದ ಐಆರ್‌ಎಸ್-1ಎ ಉಪಗ್ರಹದ ಕ್ಯಾಮರಾದಲ್ಲಿ ಅವಗೆಂಪಿಗೆ ಪ್ರತ್ಯೇಕ ಪಟ್ಟಿಯೊಂದನ್ನು ಇಟ್ಟುದೂ ಇದೇ ಗುಣವನ್ನು ನಂಬಿ. ಕಪ್ಪತಗುಡ್ಡದ ಸಸ್ಯಸಂಪತ್ತನ್ನು ಅಭ್ಯಸಿಸುವವರಿಗೆ ಈ ಬೆಳಕು ನಿಜವಾದ ಸಾಕ್ಷಿ.

ಆದರೆ ಇತಿಹಾಸದ ಪ್ರಬಂಧಗಳಲ್ಲಿ ಬರುವ ಅವಗೆಂಪು ಚಿತ್ರಗಳನ್ನು ನೋಡಿದರೆ, ಗುಡಿಯ ಹಿಂದೆ ಬಿಳಿಯ ಬೇವಿನ ಮರವಿರುತ್ತದೆ, ಮೇಲೆ ಕಡುನೀಲಿಯ ಆಕಾಶವಿರುತ್ತದೆ. ಗುಡಿಯ ವಿಷಯದಲ್ಲಿ ಮಾತ್ರ ಹೊಸದೇನೂ ಇರುವುದಿಲ್ಲ. ಆ ನೀಲಿಯಾದರೂ ನಿಜವಲ್ಲ. ಸಂವೇದಕದ ಮೇಲಿನ ಕೆಂಪು, ಹಸುರು, ನೀಲಿ ಬಿಂದುಗಳು ಕಣ್ಣಿಗೆ ಕಾಣುವ ಬೆಳಕಿಗಾಗಿ ಮಾಡಿದವು; ಅವಗೆಂಪಿನಲ್ಲಿ ಅವು ಮೂರೂ ಸೋರುತ್ತವೆ. ಸೋರಿಕೆಯ ಹೆಚ್ಚುಕಡಿಮೆಯಿಂದ ಉಂಟಾದ ಬಣ್ಣವನ್ನು ಗಣಕಯಂತ್ರದಲ್ಲಿ ಕೆಂಪಿಗೆ ನೀಲಿ, ನೀಲಿಗೆ ಕೆಂಪು ಎಂದು ಅದಲುಬದಲು ಮಾಡಿದಾಗ ಆ ಆಕಾಶ ಸಿದ್ಧವಾಗುತ್ತದೆ. ಅವಗೆಂಪು ಚಿತ್ರದ ಬಣ್ಣವು ಯಾವುದೇ ಐತಿಹಾಸಿಕ ಪ್ರಮೇಯಕ್ಕೂ ಆಧಾರವಾಗಲಾರದು. ಪರಿಗಣಿಸಬೇಕಾದುದು ಅದರ ಕಪ್ಪು ಬಿಳುಪಿನ ಅಂತರವನ್ನು ಮಾತ್ರ.

4

ಇನ್ನು ಕಲ್ಲಿನ ವಿಷಯಕ್ಕೆ ಬರೋಣ. ಈ ಸೀಮೆಯ ವೀರಗಲ್ಲುಗಳ ಸಾಮಾನ್ಯ ವಿನ್ಯಾಸ ಎಲ್ಲರಿಗೂ ತಿಳಿದದ್ದು: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಲಿಂಗದ ಸನ್ನಿಧಿ, ಬರಹವಿದ್ದರೆ ಅದು ಹೆಚ್ಚಾಗಿ ಪಟ್ಟಿಕೆಗಳ ನಡುವಣ ದಿಂಡುಗಳ ಮೇಲೆ. ಜನರು ಇವುಗಳನ್ನು ಪೂಜಿಸುವುದೂ ಉಂಟು. ಅರಿಸಿನ, ಕುಂಕುಮ, ಎಣ್ಣೆ, ದೀಪದ ಹೊಗೆ ಇವೆಲ್ಲ ಕಲ್ಲಿನ ಮೇಲೆ ಪದರುಪದರಾಗಿ ಕುಳಿತಿರುತ್ತವೆ. ಕೆಲವೆಡೆ ಸುಣ್ಣವನ್ನೂ ಬಳಿದಿರುತ್ತಾರೆ.

ಬೆಟಗೇರಿಯಲ್ಲಿ ನಾವು ತೆಗೆದ ಮೊದಲ ಚಿತ್ರಗಳಲ್ಲಿ ಒಂದು ನಮಗೆ ಬಹಳ ಸಂತೋಷವನ್ನುಂಟುಮಾಡಿತು. ಕುಂಕುಮ ಮೆತ್ತಿದ ದಿಂಡಿನ ಮೇಲೆ, ಬರಿಗಣ್ಣಿಗೆ ಏನೂ ಕಾಣದಿದ್ದಲ್ಲಿ, ಬಾಗಿದ ಕಪ್ಪು ಗೆರೆಯೊಂದು ಅವಗೆಂಪು ಚಿತ್ರದಲ್ಲಿ ನಿಚ್ಚಳವಾಗಿ ಮೂಡಿತ್ತು. ಅದನ್ನು ನಾವು ಅಕ್ಷರವೊಂದರ ಉಳಿದ ಭಾಗವೆಂದು ಗ್ರಹಿಸಿದೆವು. ಗ್ರಹಿಸಿದುದಷ್ಟೇ ಅಲ್ಲ, ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ತೋರಿಸಿ, ಅದು ಯಾವ ಅಕ್ಷರವಾಗಿರಬಹುದೆಂಬ ಚರ್ಚೆಯನ್ನೂ ನಡೆಸಿದೆವು. ಕೆಲವು ದಿನಗಳ ತರುವಾಯ ಕತ್ತಲಾದ ಮೇಲೆ ಅದೇ ಕಲ್ಲಿನ ಬಳಿಗೆ ಹೋಗಿ ಕೈದೀಪವನ್ನು ಬದಿಯಿಂದ ಹಿಡಿದು ನೋಡಿದಾಗ, ಆ ಸ್ಥಳದಲ್ಲಿ ಉಳಿಯ ಗುರುತು ಎಳ್ಳಷ್ಟೂ ಇರಲಿಲ್ಲ. ಬೆರಳಿಗೂ ತಗ್ಗು ಸಿಕ್ಕಲಿಲ್ಲ. ನಾವು ಅಕ್ಷರವೆಂದು ಭ್ರಮಿಸಿದುದು ಎಂದೋ ಹಚ್ಚಿದ ದೀಪದ ಕಾಡಿಗೆಯೊಡನೆ ಬೆರೆತು ಹರಿದ ಎಣ್ಣೆಯ ಕಲೆ. ಅದರ ಮೇಲೆ ಮೆತ್ತಿದ್ದ ಕುಂಕುಮವು ಅವಗೆಂಪಿಗೆ ಪಾರದರ್ಶಕವಾದುದರಿಂದ ಮರೆಯಾಯಿತು. ಕೆಳಗಿನ ಕಾಡಿಗೆಯು ಅವಗೆಂಪನ್ನು ಹೀರುವುದರಿಂದ ಕಪ್ಪಾಗಿ ಉಳಿಯಿತು. ಮುಂದಿನ ತರಗತಿಯಲ್ಲಿ ನಮ್ಮ ಓದನ್ನು ನಾವೇ ಹಿಂತೆಗೆದುಕೊಂಡೆವು.

ಈ ಪ್ರಸಂಗವನ್ನು ಇಲ್ಲಿ ವಿಸ್ತಾರವಾಗಿ ಹೇಳಿದುದಕ್ಕೆ ಕಾರಣವುಂಟು. ಕ್ಯಾಮರಾ ಇಲ್ಲಿ ತಪ್ಪನ್ನು ತೋರಿಸಲಿಲ್ಲ. ಕುಂಕುಮದ ಕೆಳಗೆ ಕಾಡಿಗೆ ಇದ್ದುದು ನಿಜವೇ. ತಪ್ಪಾದುದು ನಮ್ಮ ತರ್ಕದಲ್ಲಿ. ಕಲ್ಲಿನ ಶಾಸನವು ದ್ರವ್ಯದಿಂದ ಬರೆದುದಲ್ಲ, ತಗ್ಗಿನಿಂದ ಕೊರೆದುದು. ಅಕ್ಷರವಿರುವ ಕಲ್ಲೂ ಅಕ್ಷರವಿಲ್ಲದ ಕಲ್ಲೂ ಒಂದೇ ದ್ರವ್ಯ. ಗದಗ-ಲಕ್ಕುಂಡಿಗಳ ಗುಡಿಗಳಿಗೆ ಬಳಸಿದ ಬಳಪದ ಜಾತಿಯ ಕಲ್ಲಾಗಲಿ ಒರಟು ವೀರಗಲ್ಲಾಗಲಿ, ಕೊರೆದಲ್ಲಿಯೂ ಕೊರೆಯದಲ್ಲಿಯೂ ಅವಗೆಂಪಿಗೆ ಒಂದೇ ಬಗೆಯಾಗಿ ಸ್ಪಂದಿಸುತ್ತದೆ. ಅಕ್ಷರವು ನಮಗೆ ಕಾಣುವುದು ತಗ್ಗಿನಲ್ಲಿ ಬಿದ್ದ ನೆರಳಿನಿಂದ. ನೆರಳನ್ನು ಹುಟ್ಟಿಸುವುದು ಬೆಳಕಿನ ದಿಕ್ಕೇ ಹೊರತು ಅದರ ತರಂಗದ ಉದ್ದವಲ್ಲ. ಅವಗೆಂಪು ಚಿತ್ರವು ದ್ರವ್ಯಭೇದವನ್ನು ತೋರಿಸಬಲ್ಲದು, ಆಕಾರಭೇದವನ್ನು ತೋರಿಸಲಾರದು. ಸವೆದ ಶಾಸನವನ್ನು ಇದರಿಂದ ಓದುವ ಆಸೆ ಈ ಮೂಲಭೇದವನ್ನು ಮರೆತುದರ ಫಲ.

ಪೂರ್ವಪಕ್ಷಕ್ಕೆ ಅನ್ಯಾಯವಾಗದಂತೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಅರಿಸಿನ ಕುಂಕುಮಗಳ ಮಚ್ಚೆಗಳು ಕಣ್ಣನ್ನು ಗಲಿಬಿಲಿಗೊಳಿಸಿ ಉಳಿಯ ಗೆರೆಗಳನ್ನು ಮರೆಸುತ್ತವೆ. ಆ ಮಚ್ಚೆಗಳನ್ನು ಅವಗೆಂಪು ಚಿತ್ರವು ಅಳಿಸಿಬಿಡುವುದರಿಂದ ಕೆತ್ತನೆಯ ನೆರಳು ಶುದ್ಧವಾಗಿ ಕಾಣುತ್ತದೆ ಎಂದು ವಾದಿಸಬಹುದು. ಇದು ನಿಜ. ಆದರೆ ಅರಿಸಿನವೂ ಕುಂಕುಮವೂ ಕೆಂಪು ಬೆಳಕನ್ನು ಚೆನ್ನಾಗಿ ಮರಳಿಸುವ ಬಣ್ಣಗಳು. ಸಾಮಾನ್ಯ ಬಣ್ಣದ ಛಾಯಾಚಿತ್ರವೊಂದನ್ನು ಗಣಕಯಂತ್ರದಲ್ಲಿ ತೆರೆದು ಅದರ ಕೆಂಪು ಪಾಲನ್ನಷ್ಟೇ ಬೇರ್ಪಡಿಸಿ ಕಪ್ಪು ಬಿಳುಪಾಗಿ ನೋಡಿದರೆ ಅದೇ ಮಚ್ಚೆಗಳು ಅಲ್ಲಿಯೂ ಬಹುಮಟ್ಟಿಗೆ ಮಾಯವಾಗುತ್ತವೆ. ಇದಕ್ಕೆ ಫಿಲ್ಟರು ಬೇಡ, ಮುಕ್ಕಾಲಿ ಬೇಡ, ಹತ್ತಾರು ಸೆಕೆಂಡುಗಳ ಕಾಯುವಿಕೆ ಬೇಡ. ವಿದ್ಯಾರ್ಥಿಯ ಕೈಯಲ್ಲಿರುವ ಫೋನಿನ ಚಿತ್ರವೂ ಸಾಕು. ಹೀಗಿರಲು, ಕೆಂಪು ಪಾಲಿನಲ್ಲಿ ಕಾಣದ ಯಾವುದು ಅವಗೆಂಪಿನಲ್ಲಿ ಕಾಣುತ್ತದೆಂಬುದೇ ಸರಿಯಾದ ಪ್ರಶ್ನೆ. ನಮ್ಮ ಪರೀಕ್ಷೆಯಲ್ಲಿ ಇದಕ್ಕೆ ದೊರೆತ ಉತ್ತರ ಒಂದೇ: ಮಳೆಗಾಲದ ತರುವಾಯ ಕಲ್ಲಿಗೆ ಹತ್ತುವ ಹಸುರು ಪಾಚಿ. ಪಾಚಿಯ ಹಸುರು ದ್ರವ್ಯ ಕೆಂಪನ್ನು ಹೀರುತ್ತದೆ, ಅವಗೆಂಪನ್ನು ಬಿಡುತ್ತದೆ. ಆದುದರಿಂದ ಪಾಚಿ ಕಟ್ಟಿದ ಕಲ್ಲಿನಲ್ಲಿ ಫಿಲ್ಟರಿನಿಂದ ತುಸು ಲಾಭವುಂಟು. ಸುಣ್ಣ ಬಳಿದ ಕಲ್ಲಿನಲ್ಲಿ ಈ ಲಾಭವೂ ಇಲ್ಲ, ಏಕೆಂದರೆ ದಪ್ಪವಾದ ಸುಣ್ಣದ ಪದರು ಅವಗೆಂಪನ್ನೂ ಚದುರಿಸಿ ಮರಳಿಸುತ್ತದೆ.

5

ಶಾಸನಗಳಿಗೆ ಛಾಯಾಚಿತ್ರವನ್ನು ಬಳಸುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ಸೀಮೆಯ ಶಾಸನಗಳನ್ನು ಹೆನ್ರಿ ಡಿಕ್ಸನ್ 1865ರಲ್ಲಿ ಛಾಯಾಚಿತ್ರಗಳಾಗಿ ಸಂಗ್ರಹಿಸಿದನು, ಬಿ. ಎಲ್. ರೈಸರ ಶಾಸನಾಧ್ಯಯನಕ್ಕೂ 1879ರ ಅವರ ಗ್ರಂಥಕ್ಕೂ ಆ ಚಿತ್ರಗಳೇ ಮೊದಲ ಪ್ರೇರಣೆ. ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಗ್ರಂಥದಲ್ಲಿ ಪಿಗೌ, ನೀಲ್, ಬಿಗ್ಸ್ ಇವರು ತೆಗೆದ ಛಾಯಾಚಿತ್ರಗಳಿವೆ, ಮೆಡೋಸ್ ಟೇಲರನ ಬರಹವಿದೆ. ಹೀಗೆ ಒಂದೂವರೆ ಶತಮಾನದಿಂದ ಕ್ಯಾಮರಾ ಶಾಸನತಜ್ಞನ ಜೊತೆಯಲ್ಲಿಯೇ ನಡೆದುಬಂದಿದೆ. ಆದರೂ ಶಾಸನಶಾಸ್ತ್ರವು ತನ್ನ ಅಂತಿಮ ಪ್ರಮಾಣವನ್ನಾಗಿ ಇಟ್ಟುಕೊಂಡುದು ಕಾಗದವನ್ನು ಕಲ್ಲಿಗೆ ಒತ್ತಿ ತೆಗೆಯುವ ಪಡಿಯಚ್ಚನ್ನು. ಕಾರಣ ಸ್ಪಷ್ಟ: ಪಡಿಯಚ್ಚು ತಗ್ಗನ್ನು ಮುಟ್ಟುತ್ತದೆ, ಬಣ್ಣವನ್ನು ಲೆಕ್ಕಿಸುವುದಿಲ್ಲ.

ಅಕ್ಷರಗಳಿಗೆ ಸುಣ್ಣದ ಪುಡಿಯನ್ನು ತುಂಬಿ ಚಿತ್ರ ತೆಗೆಯುವ ರೂಢಿಯೂ ಒಂದು ಕಾಲದಲ್ಲಿ ಬಹಳವಾಗಿತ್ತು. ಅದರ ದೋಷವನ್ನು ಪ್ರತಿಯೊಬ್ಬ ಶಾಸನಾಭ್ಯಾಸಿಯೂ ಬಲ್ಲನು: ಪುಡಿ ತುಂಬುವವನು ಎಲ್ಲಿ ಅಕ್ಷರವಿದೆಯೆಂದು ಭಾವಿಸುವನೋ ಅಲ್ಲಿ ಬೆರಳಾಡಿಸುತ್ತಾನೆ, ಚಿತ್ರದಲ್ಲಿ ಅವನ ಊಹೆಯೇ ಸಾಕ್ಷಿಯಾಗಿ ಕುಳಿತುಬಿಡುತ್ತದೆ. ಅವಗೆಂಪು ಚಿತ್ರವನ್ನು ಗಣಕಯಂತ್ರದಲ್ಲಿ ಮನಬಂದಂತೆ ಗಾಢಗೊಳಿಸಿ ಅಕ್ಷರವನ್ನು ಹುಡುಕುವುದು ಈ ಹಳೆಯ ದೋಷದ ಹೊಸ ಅವತಾರವೆಂದು ನಮ್ಮ ಅಭಿಪ್ರಾಯ. ಸುಣ್ಣದ ಪುಡಿಯಾದರೂ ತನ್ನನ್ನು ತಾನು ಮರೆಮಾಡುತ್ತಿರಲಿಲ್ಲ. ಕಾಡಿಗೆಯ ಕಲೆ ಅಕ್ಷರದ ವೇಷ ತೊಟ್ಟು ಬರುತ್ತದೆ, ಅದರ ಬೆನ್ನಿಗೆ ವಿಜ್ಞಾನದ ಹೆಸರಿರುತ್ತದೆ.

ಕಲ್ಲಿನ ವಿಷಯದಲ್ಲಿ ಫಲಕಾರಿಯಾದ ಮಾರ್ಗಗಳು ಬೇರೆ ಇವೆ. ಅವುಗಳಲ್ಲಿ ಅತ್ಯಂತ ಸುಲಭವಾದುದು ಓರೆಬೆಳಕು: ಸಂಜೆಗತ್ತಲಲ್ಲಿ ಕೈದೀಪವನ್ನು ಕಲ್ಲಿನ ಮೈಗೆ ಸವರುವಂತೆ ಹಿಡಿದು, ದಿಕ್ಕನ್ನು ಬದಲಿಸುತ್ತ ನಾಲ್ಕೈದು ಚಿತ್ರಗಳನ್ನು ತೆಗೆಯುವುದು. ಇದೇ ತತ್ತ್ವವನ್ನು ಬೆಳೆಸಿ, ಹಲವು ದಿಕ್ಕುಗಳ ಬೆಳಕಿನಲ್ಲಿ ತೆಗೆದ ಚಿತ್ರಗಳನ್ನು ಗಣಕಯಂತ್ರದಲ್ಲಿ ಕೂಡಿಸಿ ಬೆಳಕನ್ನು ಬೇಕಾದತ್ತ ತಿರುಗಿಸಿ ನೋಡುವ ಕ್ರಮವನ್ನು ಹ್ಯೂಲೆಟ್-ಪ್ಯಾಕರ್ಡ್ ಪ್ರಯೋಗಶಾಲೆಯ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಮಿಥಿಕ್ ಸೊಸೈಟಿಯು ಆ ಸೀಮೆಯ ಶಾಸನಗಳನ್ನು ಮೂರು ಆಯಾಮಗಳಲ್ಲಿ ದಾಖಲಿಸುವ ಕಾರ್ಯವನ್ನು ಕೈಗೊಂಡಿದೆ. ಇವೆಲ್ಲವೂ ತಗ್ಗನ್ನು ಅಳೆಯುವ ಉಪಾಯಗಳು. ಬೆಟಗೇರಿಯ ಕಲ್ಲುಗಳಿಗೆ ಬೇಕಾದುವು ಇವೇ.

6

ಹಾಗಾದರೆ ಫಿಲ್ಟರನ್ನು ಮೂಲೆಗೆ ಎಸೆಯಬೇಕೆ? ಹಾಗೆ ಹೇಳಿದರೆ ನಾವೂ ಪರೀಕ್ಷಿಸದೆ ತಳ್ಳಿಹಾಕುವವರ ಪಂಗಡಕ್ಕೆ ಸೇರಿದಂತಾಗುವುದು. ಮೇಲೆ ಹೇಳಿದ ಭೇದವೇ ಅದರ ನಿಜವಾದ ನೆಲೆಯನ್ನೂ ತೋರಿಸುತ್ತದೆ. ಬರಹವು ಎಲ್ಲಿ ದ್ರವ್ಯದಿಂದ ಆಗಿದೆಯೋ, ಮಸಿಯೂ ಅದರ ಕೆಳಗಿನ ಆಸರೆಯೂ ಬೇರೆ ಬೇರೆ ದ್ರವ್ಯಗಳಾಗಿವೆಯೋ, ಅಲ್ಲಿ ಅವಗೆಂಪು ಸಾರ್ಥಕ. ಮೃತಸಮುದ್ರದ ಸುರುಳಿಗಳನ್ನು 1950ರ ದಶಕದಲ್ಲಿ ನಜೀಬ್ ಅಲ್ಬಿನಾ ಅವಗೆಂಪು ಫಿಲ್ಮಿನಲ್ಲಿಯೇ ಚಿತ್ರಿಸಿದನು. ಕಾಲದಿಂದ ಕಪ್ಪಾದ ಚರ್ಮದ ಮೇಲೆ ಕಪ್ಪು ಮಸಿಯು ಕಣ್ಣಿಗೆ ಕಾಣದಿದ್ದಾಗಲೂ ಅವಗೆಂಪಿನಲ್ಲಿ ಚರ್ಮ ಬೆಳ್ಳಗಾಗಿ ಮಸಿ ಕಪ್ಪಾಗಿಯೇ ಉಳಿಯಿತು.

ಇದಕ್ಕೆ ಕರ್ನಾಟಕದಲ್ಲಿಯೇ ಒಂದು ಉತ್ತಮ ಉದಾಹರಣೆಯುಂಟು. ಉಡುಪಿಯಲ್ಲಿ ರಕ್ಷಿತವಾಗಿರುವ, ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಪ್ರಾಚೀನ ತಾಳೆಗರಿಯ ಪ್ರತಿಯನ್ನು ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ಪಿ. ಆರ್. ಮುಕುಂದ, ರೋಜರ್ ಈಸ್ಟನ್ ಮೊದಲಾದವರು 2005-06ರಲ್ಲಿ ಪರೀಕ್ಷಿಸಿ ಚಿತ್ರಿಸಿದರು. ಆ ಕಟ್ಟಿನಲ್ಲಿ ಸುಮಾರು 26 ಅಂಗುಲ ಉದ್ದ, 2 ಅಂಗುಲ ಅಗಲದ 300ಕ್ಕೂ ಹೆಚ್ಚು ಗರಿಗಳಿದ್ದವು; ಗರಿಗಳು ಕಂದಿ, ಅಕ್ಷರಕ್ಕೂ ಗರಿಗೂ ವ್ಯತ್ಯಾಸ ತಿಳಿಯದಂತಾಗಿತ್ತು. ಒಂದೊಂದು ಗರಿಯನ್ನೂ ತುಂಡುತುಂಡಾಗಿ, ಡಿಜಿಟಲ್ ಕ್ಯಾಮರಾಕ್ಕೆ ಅವಗೆಂಪು ಫಿಲ್ಟರನ್ನು ಕೂಡಿಸಿ ಚಿತ್ರ ತೆಗೆದು, ಬಳಿಕ ಗಣಕಯಂತ್ರದಲ್ಲಿ ಜೋಡಿಸಿದರು. ಅವರ ಕ್ಯಾಮರಾ ವೈಜ್ಞಾನಿಕ ಕಾರ್ಯಕ್ಕೆ ಮಾಡಿದುದು, ನಮ್ಮದು ಸಂತೆಯಲ್ಲಿ ಸಿಕ್ಕುವಂಥದು. ಆದರೆ ಎರಡರಲ್ಲಿಯೂ ಕೆಲಸ ಮಾಡುವ ತತ್ತ್ವ ಒಂದೇ.

ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ನಮ್ಮ ಓಲೆಗರಿಗಳಲ್ಲಿ ಕಂಠದಿಂದ ಕೊರೆದು ಬಳಿಕ ಕಾಡಿಗೆಯನ್ನು ಸವರುವುದು ರೂಢಿ. ಕಾಡಿಗೆ ಉಳಿದಿರುವ ಗರಿಯಲ್ಲಿ ಅವಗೆಂಪು ಫಲ ಕೊಡುತ್ತದೆ. ಕಾಡಿಗೆಯನ್ನು ಹಚ್ಚದೆ ಬಿಟ್ಟ, ಇಲ್ಲವೆ ತೊಳೆದುಹೋದ ಗರಿಯಲ್ಲಿ ಉಳಿಯುವುದು ಬರಿಯ ತಗ್ಗು. ಅಂಥ ಗರಿ ನಮ್ಮ ಉದ್ದೇಶಕ್ಕೆ ಒಂದು ಪುಟ್ಟ ಶಿಲಾಶಾಸನವೇ ಆಗಿ, ಓರೆಬೆಳಕನ್ನು ಬೇಡುತ್ತದೆ. ಕಡತದ ವಿಷಯ ಇನ್ನೂ ಕುತೂಹಲಕರವಾದುದು. ಬಟ್ಟೆಗೆ ಹುಣಸೆಬೀಜದ ಅಂಟಿನಲ್ಲಿ ಇದ್ದಿಲನ್ನು ಕಲಸಿ ಬಳಿದು, ಒಣಗಿಸಿ, ಬಳಪದಿಂದ ಬರೆದುದು ಕಡತ. ಇದ್ದಿಲು ಅವಗೆಂಪನ್ನು ಹೀರುತ್ತದೆ, ಬಳಪ ಮರಳಿಸುತ್ತದೆ. ಮೇಲೆ ಹತ್ತಿದ ಕಂದು ಜಿಡ್ಡು ಹೆಚ್ಚಾಗಿ ಅದಕ್ಕೆ ಅಡ್ಡಿಯಾಗುವುದಿಲ್ಲ. ಬಳಪವೇ ಉದುರಿಹೋದಲ್ಲಿ ಮಾತ್ರ ಯಾವ ಬೆಳಕೂ ಅದನ್ನು ಮರಳಿ ತರಲಾರದು.

ಆದರೆ ಈ ಜಿಲ್ಲೆಯ ಇತಿಹಾಸಕ್ಕೆ ಎಲ್ಲಕ್ಕಿಂತ ಹೆಚ್ಚು ಪ್ರಯೋಜನವು ಕಾಗದಪತ್ರಗಳ ಪರಿಶೀಲನೆಯಲ್ಲಿದೆ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಗದಗ ಜಿಲ್ಲೆಯಾದ ಈ ಪ್ರದೇಶವು ಬ್ರಿಟಿಷರ ಕಾಲದಲ್ಲಿ ಒಂದೇ ಆಡಳಿತದ ಕೆಳಗೆ ಇರಲಿಲ್ಲ. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೂ ಸೇರಿದ್ದವು. ಗದಗ, ಮುಂಡರಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿದ್ದವು. ಇನಾಮು, ವತನ, ಗಡಿಗಳಿಗೆ ಸಂಬಂಧಪಟ್ಟ ಮೋಡಿ ಮತ್ತು ಕನ್ನಡ ಕಾಗದಗಳು ಮನೆತನಗಳ ದಫ್ತರಗಳಲ್ಲಿ ಉಳಿದುಬಂದಿವೆ. 1852ರ ಇನಾಮು ಕಾಯಿದೆಯ ತರುವಾಯ ಪ್ರತಿಯೊಬ್ಬ ಇನಾಮದಾರನೂ ತನ್ನ ಹಕ್ಕನ್ನು ಕಾಗದದಿಂದ ಸಾಧಿಸಬೇಕಾಯಿತು. ಅಂಥ ಸಂದರ್ಭದಲ್ಲಿ ಹಳೆಯ ಸನದಿಗೆ ಒಂದು ಅಂಕಿಯನ್ನೋ ಒಂದು ಹೆಸರನ್ನೋ ಸೇರಿಸುವ ಪ್ರಲೋಭನೆ ಎಷ್ಟಿದ್ದೀತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಹಳೆಯ ದೇಶೀ ಮಸಿಯ ಜೀವಾಳ ದೀಪದ ಕಾಡಿಗೆ. ಅದು ಅವಗೆಂಪಿನಲ್ಲಿ ಕಡುಕಪ್ಪಾಗಿಯೇ ಕಾಣುತ್ತದೆ. ಯೂರೋಪಿಯನ್ನರು ಬಳಸುತ್ತಿದ್ದ, ಕಬ್ಬಿಣದ ಲವಣ ಮತ್ತು ಮಾಚಿಕಾಯಿಗಳಿಂದ ಮಾಡಿದ ಮಸಿಯು ತರಂಗದ ಉದ್ದ ಹೆಚ್ಚಿದಂತೆ ಮಸಕಾಗುತ್ತ ಹೋಗುತ್ತದೆ. ಮುಂದೆ ಬಂದ ರಾಸಾಯನಿಕ ಬಣ್ಣಗಳ ಮಸಿಗಳಲ್ಲಿ ಅನೇಕವು ಸಂಪೂರ್ಣವಾಗಿ ಮಾಯವಾಗುತ್ತವೆ. ಕಣ್ಣಿಗೆ ಒಂದೇ ಕಪ್ಪಾಗಿ ಕಾಣುವ ಎರಡು ಸಾಲುಗಳಲ್ಲಿ ಒಂದು ಉಳಿದು ಇನ್ನೊಂದು ಮಾಯವಾದರೆ, ಅವೆರಡನ್ನೂ ಒಂದೇ ಮಸಿಯಿಂದ ಬರೆದಿಲ್ಲವೆಂಬುದು ನಿರ್ವಿವಾದ. ಕುಲಕರ್ಣಿಯ ಕೈಬರಹದ ಹೋಲಿಕೆಯಿಂದ ತೀರ್ಮಾನವಾಗದ ಪ್ರಶ್ನೆಗೆ ಇಷ್ಟು ದೃಢವಾದ ಸಾಕ್ಷಿಯನ್ನು ಒದಗಿಸುವ ಅಗ್ಗದ ಉಪಕರಣ ಮತ್ತೊಂದಿಲ್ಲ.

ಇಲ್ಲಿಯೂ ತೀರ್ಮಾನವನ್ನು ಮಿತಿಮೀರಿ ಹಿಗ್ಗಿಸಬಾರದು. ಮಸಿ ಬೇರೆಯೆಂದ ಮಾತ್ರಕ್ಕೆ ಕಾಲವೂ ಬೇರೆಯೆಂದಾಗಲಿ, ಮೋಸವೆಂದಾಗಲಿ ಸಿದ್ಧವಾಗುವುದಿಲ್ಲ. ಬರೆಯುತ್ತಿದ್ದವನ ದೌತಿ ಬರಿದಾಗಿ ಬೇರೊಂದನ್ನು ತೆರೆದಿರಲೂಬಹುದು. ಎರಡೂ ಕಾಡಿಗೆಯ ಮಸಿಗಳಾಗಿದ್ದರೆ, ಅವುಗಳ ನಡುವೆ ನೂರು ವರ್ಷಗಳ ಅಂತರವಿದ್ದರೂ ಅವಗೆಂಪು ಅವನ್ನು ಬೇರ್ಪಡಿಸಲಾರದು. ಸಾಮಾನ್ಯ ಕ್ಯಾಮರಾದ ಮಿತಿಯೂ ಇದೆ. ವರ್ಣಚಿತ್ರಗಳ ಕೆಳಗಿನ ಮೊದಲ ರೇಖೆಗಳನ್ನು ಕಾಣಲು ಡಚ್ ವಿಜ್ಞಾನಿ ಫಾನ್ ಆಸ್ಪರೆನ್ ಡ ಬೂರ್ 1960ರ ದಶಕದಲ್ಲಿ ರೂಪಿಸಿದ ಕ್ರಮವು ಸುಮಾರು 2,000 ನ್ಯಾನೊಮೀಟರಿನವರೆಗೆ ಹೋಗುತ್ತಿತ್ತು. ಸಿಲಿಕಾನು ಅದರ ಅರ್ಧದಾರಿಯಲ್ಲಿಯೇ ನಿಲ್ಲುತ್ತದೆ. ಆದುದರಿಂದ ಚಿತ್ರದಲ್ಲಿ ಕಾಣದುದು ಇಲ್ಲವೇ ಇಲ್ಲವೆಂದು ನಮ್ಮ ಕ್ಯಾಮರಾವನ್ನು ನಂಬಿ ಹೇಳುವುದು ಸಾಹಸವಾದೀತು.

7

ಮೇಲಿನ ವಿವೇಚನೆಯಿಂದ ಕೆಲವು ನಿಯಮಗಳನ್ನು ಸೂಚಿಸಬಹುದಾಗಿದೆ. ಅವಗೆಂಪು ಚಿತ್ರವನ್ನು ಆಧಾರವಾಗಿ ಕೊಡುವ ಯಾವುದೇ ಲೇಖನ ಅದೇ ವಸ್ತುವಿನ ಸಾಮಾನ್ಯ ಚಿತ್ರವನ್ನೂ ಅದರ ಕೆಂಪು ಪಾಲನ್ನೂ ಪಕ್ಕದಲ್ಲಿಯೇ ಕೊಡತಕ್ಕದ್ದು. ವಸ್ತು ಕಲ್ಲಾಗಿದ್ದರೆ ಓರೆಬೆಳಕಿನ ಚಿತ್ರವಿಲ್ಲದೆ ಓದನ್ನು ಮಂಡಿಸಬಾರದು. ಫಿಲ್ಟರಿನ ಅಂಕಿ, ಬೆಳಕಿನ ಮೂಲ, ಕ್ಯಾಮರಾ ತೆರೆದಿದ್ದ ಅವಧಿ, ಗಣಕಯಂತ್ರದಲ್ಲಿ ಮಾಡಿದ ತಿದ್ದುಪಡಿ, ಇವನ್ನು ಚಿತ್ರದ ಕೆಳಗೆ ಬರೆಯಬೇಕು. ಬೆಳಕಿನ ಮೂಲವನ್ನು ಹೇಳುವುದು ಅತ್ಯಗತ್ಯ. ಈಗ ಎಲ್ಲೆಡೆ ಬಳಕೆಯಲ್ಲಿರುವ ಬಿಳಿಯ ಎಲ್‌ಇಡಿ ದೀಪಗಳಲ್ಲಿ ಅವಗೆಂಪು ಇಲ್ಲವೆನ್ನುವಷ್ಟು ಕಡಿಮೆ. ಅಂಥ ದೀಪದ ಕೆಳಗೆ ತೆಗೆದ ಚಿತ್ರ ಕತ್ತಲೆಯನ್ನಷ್ಟೇ ದಾಖಲಿಸುತ್ತದೆ. ಹ್ಯಾಲೊಜನ್ ದೀಪ ಬೇಕಾದೀತು. ಆದರೆ ಅದರ ಬಿಸಿ ಓಲೆಗೂ ಕಾಗದಕ್ಕೂ ಹಾನಿಕರವಾದುದರಿಂದ ದೂರದಲ್ಲಿಟ್ಟು, ಚಿತ್ರ ತೆಗೆಯುವ ಹೊತ್ತಿಗೆ ಮಾತ್ರ ಹಚ್ಚಬೇಕು. ದಫ್ತರವನ್ನು ಬಿಸಿಲಿಗೆ ಹರಡುವುದಂತೂ ಸರ್ವಥಾ ನಿಷಿದ್ಧ.

ಈ ವಿಮರ್ಶೆಯ ಹಿಂದಿರುವ ಆತಂಕವನ್ನು ಮುಚ್ಚುಮರೆಯಿಲ್ಲದೆ ಹೇಳುವುದು ಒಳಿತು. ಊರಿನ ಕಾಲೇಜುಗಳ ವಿದ್ಯಾರ್ಥಿಗಳಿಗೆ ಸಮಯವೂ ಹಣವೂ ಸ್ವಲ್ಪ. ಬಯಲಿನಲ್ಲಿ ನಿಂತ ವೀರಗಲ್ಲುಗಳು ಪ್ರತಿ ಮಳೆಗಾಲದಲ್ಲಿಯೂ ಇನ್ನಷ್ಟು ಸವೆಯುತ್ತಿವೆ. ದಫ್ತರಗಳನ್ನು ಗೆದ್ದಲು ಕಾಯುವುದಿಲ್ಲ. ಕಲ್ಲಿಗೆ ತಕ್ಕ ಬೆಳಕನ್ನು ಕಾಗದಕ್ಕೂ ಕಾಗದಕ್ಕೆ ತಕ್ಕ ಬೆಳಕನ್ನು ಕಲ್ಲಿಗೂ ಹಿಡಿದು ಕಳೆದ ಒಂದೊಂದು ವರ್ಷವೂ ಎರಡನ್ನೂ ನಷ್ಟಗೊಳಿಸುತ್ತದೆ. ತಪ್ಪಾಗಿ ಓದಿದ ಒಂದು ಅಕ್ಷರ ಒಮ್ಮೆ ಅಚ್ಚಾಯಿತೆಂದರೆ ಮುಂದಿನವರು ಅದನ್ನು ಉದ್ಧರಿಸುತ್ತ ಹೋಗುತ್ತಾರೆ. ಮೂಲದ ಕಲ್ಲು ಅಷ್ಟರಲ್ಲಿ ಸವೆದುಹೋಗಿ, ತಿದ್ದುವವರಿಗೆ ಆಧಾರವೇ ಇಲ್ಲದಂತಾಗಬಹುದು. ನಮ್ಮ ಎಣ್ಣೆಯ ಕಲೆಯನ್ನು ನಾವು ತರಗತಿಯೊಳಗೇ ಹಿಂತೆಗೆದುಕೊಳ್ಳಲು ಸಾಧ್ಯವಾದುದು ಕಲ್ಲು ಇನ್ನೂ ಅಲ್ಲಿಯೇ ನಿಂತಿದ್ದುದರಿಂದ.

ಆದುದರಿಂದ ಬೆಟಗೇರಿಯ ವೀರಗಲ್ಲಿನ ಬಳಿಗೆ ಹೋಗುವ ವಿದ್ಯಾರ್ಥಿ ಕೈದೀಪವನ್ನು ತೆಗೆದುಕೊಂಡು ಸಂಜೆ ಹೋಗಲಿ. ಫಿಲ್ಟರನ್ನು ಶಿರಹಟ್ಟಿ, ಲಕ್ಷ್ಮೇಶ್ವರಗಳ ದಫ್ತರಗಳಿಗಾಗಿ ಇಟ್ಟುಕೊಳ್ಳಲಿ. ಎಲ್ಲಿಯೇ ಆಗಲಿ, ಕ್ಯಾಮರಾವನ್ನು ಹೊರತೆಗೆಯುವ ಮೊದಲು ತನ್ನ ಮುಂದಿರುವ ಬರಹ ಮಸಿಯದೋ ಉಳಿಯದೋ ಎಂದು ಕೇಳಿಕೊಳ್ಳಲಿ. ಅವಗೆಂಪು ಚಿತ್ರಗಳನ್ನು ತೆಗೆದಿರುವ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ಸಫಲ ಪ್ರಯತ್ನಗಳ ಜೊತೆಗೆ ವಿಫಲವಾದುವುಗಳನ್ನೂ ಪ್ರಕಟಿಸಿದರೆ ಈ ವಿಷಯದ ಚರ್ಚೆ ಮುಂದುವರಿಯಲು ಅನುಕೂಲವಾಗುವುದು.